ಗಟ್ಟಿ ವಾಚು

ವಾಚಿನ ಪಟ್ಟಿಯ ಕೊಂಡಿ ಎಷ್ಟು ಎಳೆದರೂ ಬಿಡಲಿಲ್ಲ. ಮಗಳು ಅಪ್ಪನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳಿನ ಉಗುರನ್ನು ಕೊಂಡಿಯ ಕೆಳಗೆ ತೂರಿಸಿ ಇನ್ನೊಮ್ಮೆ ಎತ್ತಿದಳು. ಉಗುರು ಮುರಿಯಿತು. ಕೊಂಡಿ ಮಿಸುಕಲಿಲ್ಲ.

“ಬಿಡು ಅಕ್ಕಾ,” ಎಂದ ತಮ್ಮ. “ಕೈಯಲ್ಲೇ ಇದ್ರೆ ಏನಾಯ್ತೀಗ?”

“ಅವರಿಗೆ ಇದು ಇಷ್ಟ ಇರ್ಲಿಲ್ಲ ಕಣೋ. ನಾನು ಕೊಡಿಸಿದ್ದು ಅನ್ನೋ ದಾಕ್ಷಿಣ್ಯಕ್ಕೆ ಹಾಕ್ಕೋತಿದ್ರು. ಹೋಗೋವಾಗ್ಲಾದ್ರೂ ಆ ದಾಕ್ಷಿಣ್ಯ ಬೇಡ.”

“ಸ್ನಾನಕ್ಕೂ ತೆಗೀತಿರ್ಲಿಲ್ಲ.”

“ತೆಗೆಯೋಕೆ ಬಂದಿರಲಿಕ್ಕಿಲ್ಲ. ನನಗೇ ಬರ್ತಿಲ್ಲ ನೋಡು.”

ತಮ್ಮ ಅಡುಗೆಮನೆಯಿಂದ ಚಮಚ ತಂದು ಅದರ ಹಿಡಿಯಿಂದ ಮೀಟಿದ. ಕೊಂಡಿ ಟಪ್ಪೆಂದು ಬಿಟ್ಟಿತು. ಅವನು ವಾಚನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಅವನಿಗೆ ರಾತ್ರಿ ಪಾಳಿ. ಬೆರಳ ಸಂದಿಯಲ್ಲಿ ನಿನ್ನೆಯ ಮಸಿ ಇನ್ನೂ ಉಳಿದಿತ್ತು. ಬೆಳಿಗ್ಗೆ ಕೆಲಸ ಮುಗಿಸಿ ಮನೆಗೆ ಬಂದಾಗ ಈಜುಕೊಳದ ಕಾವಲುಗಾರ ಹೊರಗೆ ನಿಂತು ದಬದಬನೆ ಬಾಗಿಲು ಬಡಿಯುತ್ತಿದ್ದನಂತೆ. ಬೀಗ ತೆಗೆದು ಒಳಗೆ ಹೋದರೆ ಅಪ್ಪ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದರು. ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಎದೆಬಡಿತ ನಿಂತಿದೆ, ಅವರಿಗೆ ಗೊತ್ತೂ ಆಗಿರಲಿಕ್ಕಿಲ್ಲ ಎಂದಿದ್ದರು.

“ಹೇಗೆ ಮಲಗಿದಾನೆ ನೋಡು!” ಅತ್ತೆಯ ದನಿ ಬಾಗಿಲಿನಿಂದ ಬಂತು. “ಜೀವಮಾನದಲ್ಲಿ ಒಂದು ದಿನ ಹೀಗೆ ಬಿಸಿಲು ಬರೋವರೆಗೂ ಮಲಗಿದ್ದಾನಾ? ಗಟ್ಟಿ ಜೀವ ಅಂದ್ಕೊಂಡಿದ್ದೆ. ನನ್ನ ಬಿಟ್ಟು ತಾನು ಮುಂದೆ ಹೊರಟ!”

ಅತ್ತೆ ಎಂದರೆ ಅಪ್ಪನ ಅಕ್ಕ. ಆಕೆ ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳುತ್ತದೆ. ಸಾವಿನ ಮನೆಯಲ್ಲಾದರೂ ದನಿ ತಗ್ಗಿಸಿ ಎಂದು ಆಕೆಗೆ ಯಾರೂ ಹೇಳಲಿಲ್ಲ. ಹೇಳಿ ಪ್ರಯೋಜನವೂ ಇರಲಿಲ್ಲ.

ಮಗಳು ಹೊದಿಕೆ ಸರಿಮಾಡಲು ಕಾಲಿನ ಕಡೆ ಸರಿದಳು. ಬಲಗಾಲಿನ ಹೆಬ್ಬೆರಳಿಗೆ ಒಂದು ತುಂಡು ದಾರ ಸುತ್ತಿತ್ತು. ಗಂಟು ಬಿಗಿಯಾಗಿತ್ತು, ತುದಿ ಕಿತ್ತುಹೋಗಿತ್ತು.

“ಇದೇನೋ ಇದು?”

ತಮ್ಮ ಬಗ್ಗಿ ನೋಡಿ ತಲೆಯಾಡಿಸಿದ. ಅವನು ಬರುವ ಹೊತ್ತಿಗೆ ಅಪ್ಪ ಹೊರಟಿರುತ್ತಿದ್ದರು, ಅಪ್ಪ ಬರುವ ಹೊತ್ತಿಗೆ ಅವನು ಹೊರಡುತ್ತಿದ್ದ. ಒಂದೇ ಸೂರಿನ ಕೆಳಗಿದ್ದರೂ ಅಪ್ಪನ ಕಾಲ್ಬೆರಳಿನ ವಿಚಾರ ಅವನಿಗೆ ಗೊತ್ತಿರಲಿಲ್ಲ.

“ಸೆಳೆತಕ್ಕೆ ಕಟ್ಕೊಂಡಿರ್ತಾನೆ,” ಎಂದು ಅತ್ತೆ ತೀರ್ಪು ಕೊಟ್ಟರು. “ಇಷ್ಟು ವರ್ಷ ನೀರಲ್ಲೇ ನಿಂತಿದ್ರೆ ಕಾಲು ಹಿಡ್ಕೊಳ್ಳದೆ ಇರತ್ತಾ?”

ಮಗಳು ದಾರ ಬಿಚ್ಚಲು ಹೋಗಿ ಬಿಟ್ಟಳು. ಇವತ್ತು ಅಪ್ಪನ ಮೈಯಿಂದ ಒಂದು ತೆಗೆದದ್ದೇ ಸಾಕೆನಿಸಿತು.

*

ಅಪ್ಪನಿಗೆ ಅರವತ್ತು ತುಂಬಿದ ವರ್ಷ ಅವರ ಹಳೆಯ ಕೀಲಿ ವಾಚಿನೊಳಗೆ ನೀರು ಸೇರಿ ಮುಳ್ಳುಗಳೆಲ್ಲ ತುಕ್ಕು ಹಿಡಿದಿದ್ದವು. ಮಗಳು ಆ ಸಲ ಊರಿಗೆ ಬಂದವಳು, ಹೊಸದೊಂದು ಕೊಡಿಸುತ್ತೇನೆ, ಯಾವ ಥರದ್ದು ಬೇಕು ಹೇಳಿ ಎಂದು ಹಟ ಹಿಡಿದಳು. ಅಪ್ಪ ಆಗ ಏಣಿಯ ಮೇಲೆ ನಿಂತು ಫ್ಯಾನು ಒರೆಸುತ್ತಿದ್ದರು. ಅವರನ್ನು ಏನಾದರೂ ಕೇಳಬೇಕಾದರೆ ಏಣಿಯ ಕೆಳಗೆ ನಿಂತೋ, ಸೈಕಲ್ಲಿನ ಹಿಂದೆ ಓಡುತ್ತಲೋ ಕೇಳಬೇಕಿತ್ತು.

“ಥರ ಗಿರ ಏನೂ ಬೇಡಮ್ಮಾ,” ಎಂದರು ಅಪ್ಪ. “ಅಲಾರಂ ಇರೋದು ನೋಡು. ಗಟ್ಟಿಯಾಗಿರ್ಬೇಕು, ಅಷ್ಟೆ.”

ಅವಳಿಗೆ ಅದು ಸರಿಯೆನಿಸಿತು. ಅಪ್ಪ ಊರಿನ ಈಜುಕೊಳದ ಮೇಷ್ಟ್ರು. ಊರಿಗೆಲ್ಲ ಅವರು ನೀರುಮೇಷ್ಟ್ರು. ಬೆಳಕು ಹರಿಯುವ ಮೊದಲೇ ನೀರಿಗಿಳಿದರೆ ಮಧ್ಯಾಹ್ನದವರೆಗೆ ಅಲ್ಲೇ. ಆಮೇಲೆ ಪಂಪಿನ ಮೋಟಾರು ಬಿಚ್ಚುವುದು, ಕೊಳದ ಗೋಡೆ ಉಜ್ಜುವುದು. ಮನೆಗೆ ಬಂದರೆ ಸುತ್ತಿಗೆ, ಗರಗಸ. ಅಂಥ ಕೈಗೆ ನಾಜೂಕಿನ ವಾಚು ಕಟ್ಟಿದರೆ ವಾರದಲ್ಲಿ ಗುಜರಿ ಸೇರುತ್ತದೆ.

ಅವಳು ತನ್ನ ಊರಿಗೆ ಮರಳಿ ಅಂಗಡಿ ಅಂಗಡಿ ಅಲೆದಳು. ಮೊದಲನೆಯವನು ಚಿನ್ನದ ಬಣ್ಣದ್ದು ತೋರಿಸಿದ. ಇನ್ನೊಂದು ಕಡೆ ಹುಡುಗಿಯೊಬ್ಬಳು, ನೀರು ತಾಗಬಹುದು ಆದರೆ ನೀರಿಗಿಳಿಯಬಾರದು ಎಂದಳು. ಅದೆಂಥ ಮಾತೋ ಅರ್ಥವಾಗದೆ ಅವಳು ಹೊರಬಂದಳು. ಕೊನೆಗೆ ಹಳೆಯ ಅಂಗಡಿಯೊಂದರಲ್ಲಿ ಕನ್ನಡಕದ ಮುದುಕನೊಬ್ಬ ಸಿಕ್ಕಿದ. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಪಕ್ಕದ ಮೇಜಿನವರಿಗೆ ಕೇಳದಂತೆ ಮಾತಾಡಿ ಮಾತಾಡಿ ಅದೇ ಅವಳ ದನಿಯಾಗಿಬಿಟ್ಟಿತ್ತು.

“ಸ್ವಲ್ಪ ಗಟ್ಟಿಯಾಗಿ ಹೇಳಮ್ಮಾ, ಕೇಳಿಸ್ತಿಲ್ಲ,” ಎಂದ ಮುದುಕ.

ಅವಳು ಇನ್ನೊಮ್ಮೆ ಅಪ್ಪನ ದಿನಚರಿಯನ್ನೆಲ್ಲ ಹೇಳಿದಳು. ಮುದುಕ ಒಳಗಿನಿಂದ ಕಪ್ಪು ರಬ್ಬರ್ ಪಟ್ಟಿಯ, ದಪ್ಪ ಗಾಜಿನ ವಾಚೊಂದನ್ನು ತಂದ. ತಾನು ಕುಡಿಯುತ್ತಿದ್ದ ನೀರಿನ ಲೋಟದಲ್ಲಿ ಅದನ್ನು ಮುಳುಗಿಸಿದ. ತೆಗೆದು, ಒರೆಸದೆಯೇ, ಕಲ್ಲಿನ ನೆಲದ ಮೇಲೆ ಕೈಬಿಟ್ಟ. ಅವಳು ಅಯ್ಯೋ ಎಂದಳು. ವಾಚು ಒಂದು ಲಾಗ ಹಾಕಿ ಬಿದ್ದರೂ ತನ್ನ ಪಾಡಿಗೆ ಓಡುತ್ತಿತ್ತು.

“ನಿಮ್ಮ ತಂದೆಯವರು ಸವೀಬಹುದು, ಇದು ಸವೆಯಲ್ಲ,” ಎಂದ ಮುದುಕ.

ಆ ಮಾತಿಗೆ ಅವಳು ಬಸ್ಸಿನಲ್ಲಿ ಒಬ್ಬಳೇ ನಕ್ಕಳು. ಅಪ್ಪನಿಗೆ ಕೊಟ್ಟ ದಿನ ಅವಳೇ ಅದನ್ನು ನೆಲಕ್ಕೆ ಬೀಳಿಸಿ ತೋರಿಸಿದಳು, ಬಕೆಟ್ಟಿನಲ್ಲಿ ಮುಳುಗಿಸಿ ತೋರಿಸಿದಳು. ಅಪ್ಪ ಮಗುವಿನ ಹಾಗೆ ಹಿಗ್ಗಿ ನೋಡುತ್ತಿದ್ದರು. ಆಮೇಲೆ ಅವಳು ಅಲಾರಂ ಒತ್ತಿದಳು. ಪಿಪಿ ಪಿಪಿ ಎಂದು ಅದು ಕೂಗಿತು. ಅಪ್ಪ ವಾಚನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಕಿವಿಗೆ ಹಿಡಿದರು. ಇನ್ನೊಂದು ಕಿವಿಗೆ ಹಿಡಿದರು. ಅವರ ಮುಖ ಸಣ್ಣದಾಯಿತು.

“ಇಷ್ಟೇನಾ?” ಎಂದರು.

ಮರುಗಳಿಗೆಯೇ ಸುಧಾರಿಸಿಕೊಂಡು, ಚೆನ್ನಾಗಿದೆ, ತುಂಬ ಚೆನ್ನಾಗಿದೆ ಎನ್ನುತ್ತ ಕೈಗೆ ಕಟ್ಟಿಕೊಂಡು ಹೊರಟರು. ಆದರೆ ಆ ‘ಇಷ್ಟೇನಾ’ ಅವಳ ಕಿವಿಯಲ್ಲೇ ಉಳಿಯಿತು. ಇದಕ್ಕಿಂತ ಹೆಚ್ಚೇನು ಬಯಸಿದ್ದರು ಎಂದು ಅವಳು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

*

ಮನೆಯ ಮುಂದೆ ಬಾಡಿಗೆ ಕುರ್ಚಿಗಳನ್ನು ಹಾಕಿಸಿದ್ದರು. ಬಂದವರಲ್ಲಿ ಅರ್ಧಕ್ಕರ್ಧ ಜನ ನೀರುಮೇಷ್ಟ್ರ ಕೈಯಲ್ಲಿ ಈಜು ಕಲಿತವರು. ಮಗಳ ಗಂಡ ವ್ಯಾನಿನವನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದ. ಸಾವು ನೆಮ್ಮದಿಯದಾಗಿದ್ದರಿಂದ ಮಾತೂ ನೆಮ್ಮದಿಯಾಗಿಯೇ ನಡೆಯುತ್ತಿತ್ತು.

“ನಾನು ತಲೆ ನರೆತ ಮೇಲೆ ಈಜು ಕಲಿಯೋಕೆ ಹೋದವನು,” ಎನ್ನುತ್ತಿದ್ದ ಬೀದಿಯ ದರ್ಜಿ. “ಒಂದು ದಿನ ಬೈದಿಲ್ಲ ಮೇಷ್ಟ್ರು. ಬೈಯೋದೇನು, ಬಾಯೇ ಬಿಡ್ತಿರ್ಲಿಲ್ಲ. ಎಲ್ಲಾ ಕೈಯಲ್ಲೇ. ಹೀಗಂದ್ರೆ ಉಸಿರು ಬಿಡು. ಹೀಗಂದ್ರೆ ಕಾಲು ಬಡಿ. ಹೀಗಂದ್ರೆ ಮೇಲೆ ಬಾರಪ್ಪಾ, ಇವತ್ತಿಗೆ ನಿನ್ನಿಂದ ಆಗಲ್ಲ.”

“ನಿನಗೆ ಮೂರನೇದೇ ಜಾಸ್ತಿ ಬಿದ್ದಿರಬೇಕು,” ಎಂದರು ಯಾರೋ. ದರ್ಜಿಯೂ ನಕ್ಕ.

ಈಜುಕೊಳದ ಸೆಕ್ರೆಟರಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. “ಅವರನ್ನ ಒಂದು ಮೀಟಿಂಗಲ್ಲಿ ಕೂರಿಸೋಕೆ ಆಗ್ಲಿಲ್ಲ ನನಗೆ. ಕೂತ್ಕೊಳ್ಳಿ ಮೇಷ್ಟ್ರೇ ಅಂದ್ರೆ, ನೀವು ಮಾತಾಡ್ತಿರಿ, ಮೋಟಾರು ನೋಡಿ ಬಂದೆ ಅಂತ ಎದ್ದೇ ಹೋಗೋರು. ಆ ವಯಸ್ಸಲ್ಲಿ ಅಷ್ಟು ಚಟುವಟಿಕೆ! ನಾವೆಲ್ಲ ಕುರ್ಚಿ ಬಿಟ್ಟು ಏಳೋಕೆ ಮುಲುಕ್ತೀವಿ.”

“ಮನೇಲೂ ಹಾಗೇ,” ಎಂದ ತಮ್ಮ. “ಟೀವಿ ನೋಡಿದ್ರೂ ಸದ್ದು ಬಂದ್ ಮಾಡಿ, ನಿಂತ್ಕೊಂಡೇ ನೋಡೋರು. ಈ ಗಲಾಟೆ ಯಾಕೆ, ಚೆಂಡು ಎಲ್ಲಿ ಹೋಗತ್ತೆ ಅಂತ ಕಾಣತ್ತಲ್ಲ ಅನ್ನೋರು.”

“ನನ್ನ ಹತ್ರ ಮಾತ್ರ ಕೂತು ಮಾತಾಡೋನು ನೋಡಿ!” ಅತ್ತೆಯ ಮಾತಿಗೆ ವ್ಯಾನಿನವನ ದಾರಿ ತಪ್ಪಿರಬೇಕು, ಮಗಳ ಗಂಡ ಫೋನು ಹಿಡಿದು ಗೇಟಿನಾಚೆ ಹೋದ. “ಫೋನು ಮಾಡಿದ್ರೆ ಗಂಟೆಗಟ್ಟಲೆ! ನನ್ನ ಮಂಡಿನೋವು, ನನ್ನ ಸೊಸೆಯ ಕತೆ, ಒಂದೂ ಬಿಡದೆ ಕೇಳೋನು. ನಿನ್ನ ಹತ್ರ ಮಾತಾಡಿದ್ರೆ ಮಾತಾಡಿದ ಹಾಗಿರತ್ತೆ ಅಕ್ಕಾ ಅನ್ನೋನು.”

ನೀರಿನ ಲೋಟಗಳ ತಟ್ಟೆ ಹಿಡಿದು ಬಂದ ಮಗಳು ಹೊಸಿಲಲ್ಲೇ ನಿಂತಳು. ಅತ್ತೆಯ ಮಂಡಿನೋವಿಗೆ ಗಂಟೆಗಟ್ಟಲೆ ಸಿಕ್ಕ ಅಪ್ಪ ತನಗೆ ಎರಡು ಮಾತಿಗೆ ಸಿಗುತ್ತಿರಲಿಲ್ಲ. ತಟ್ಟೆಯನ್ನು ದರ್ಜಿಯ ಕೈಗೆ ಕೊಟ್ಟು ಅವಳು ಹಿತ್ತಲಿಗೆ ನಡೆದಳು. ಹೊಟ್ಟೆಕಿಚ್ಚಿಗೂ ಒಂದು ಹೊತ್ತುಗೊತ್ತು ಬೇಡವೇ ಎಂದು ತನ್ನನ್ನೇ ಬೈದುಕೊಂಡಳು. ಆದರೆ ಆ ಕಿಚ್ಚು ಇವತ್ತಿನದಾಗಿರಲಿಲ್ಲ.

*

ಭಾನುವಾರ ಬೆಳಿಗ್ಗೆ ಫೋನು ಮಾಡುವುದು ಅವಳ ರೂಢಿ. ಅಪ್ಪ ಎತ್ತುತ್ತಿದ್ದರು. “ಹಾಂ, ಹೇಳಮ್ಮಾ,” ಎನ್ನುತ್ತಿದ್ದರು. ಅವಳು ಹೇಳುತ್ತಿದ್ದಳು. ನಡುನಡುವೆ “ಸರಿ, ಸರಿ,” ಕೊನೆಗೆ “ಒಳ್ಳೇದಾಯ್ತು ಬಿಡು, ಆರೋಗ್ಯ ನೋಡ್ಕೋ.” ಫೋನು ಇಡುತ್ತಿದ್ದರು. ವಾಚು ಕೊಟ್ಟ ಮೇಲೆ ಈ ಮಾತುಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದವು.

ಹೋದ ವರ್ಷದ ಒಂದು ಭಾನುವಾರ ಅವಳು ಆಸ್ಪತ್ರೆಯಿಂದ ಬಂದು ಮಂಚದ ಮೇಲೆ ಕೂತು ಫೋನು ಮಾಡಿದಳು. ಎಷ್ಟೋ ಕಾಲ ಕಾದ ಮೇಲೆ ನಿಂತಿದ್ದ ಬಸಿರು ಅದು. ಗಂಡನನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಇನ್ನೊಂದಿಷ್ಟು ದಿನ ಕಳೆಯಲಿ, ಅಪ್ಪನಿಗೆ ಮೊದಲು ಹೇಳೋಣ ಎಂದುಕೊಂಡಿದ್ದರು. ಮೊದಲು ಹೇಳುವುದಂತೂ ಅಪ್ಪನಿಗೇ ಆಯಿತು, ಆದರೆ ಹೇಳಬೇಕಾದ ಸುದ್ದಿ ಬೇರೆಯಾಗಿತ್ತು.

ಅತ್ತರೆ ಅಪ್ಪ ಗಾಬರಿಯಾಗುತ್ತಾರೆ ಎಂದು ಅವಳು ಅಳದೆ ಹೇಳಿದಳು. ಗ್ರಂಥಾಲಯದ ದನಿಯಲ್ಲಿ, ಮೆಲ್ಲಗೆ, “ಅಪ್ಪಾ, ಮಗು ನಿಲ್ಲಲಿಲ್ಲ,” ಎಂದಳು.

“ಒಳ್ಳೇದಾಯ್ತು ಬಿಡು,” ಎಂದರು ಅಪ್ಪ. “ಆರೋಗ್ಯ ನೋಡ್ಕೋ.”

ಫೋನು ಇಟ್ಟರು.

ಆಮೇಲೆ ಅವಳು ಭಾನುವಾರಗಳನ್ನು ಬಿಟ್ಟಳು. ಒಮ್ಮೆ ಊರಿಗೆ ಬಂದಾಗ ಅಪ್ಪ ಎದುರಿಗೆ ಕುರ್ಚಿ ಎಳೆದುಕೊಂಡು, ಎಂದೂ ಕೂರದವರು, ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಅವಳು ಕಿಟಕಿಯ ಕಡೆ ತಿರುಗಿ ಬಸ್ಸಿನ ಹೊತ್ತು ಕೇಳಿದಳು. ಆ ‘ಒಳ್ಳೇದಾಯ್ತು’ ಎಂಬುದನ್ನು ಅಪ್ಪ ಯಾವ ಅರ್ಥದಲ್ಲಿ ಹೇಳಿದರು? ಹೋದದ್ದೇ ಒಳ್ಳೆಯದೆಂದೇ? ಅಷ್ಟು ಕಲ್ಲೆದೆಯವರೇ ತನ್ನಪ್ಪ? ಕೇಳಿಯೇ ಬಿಡಬೇಕು ಎಂದು ಎಷ್ಟು ಸಲ ಅಂದುಕೊಂಡಿದ್ದಳೋ. ಇವತ್ತು ಬೆಳಿಗ್ಗೆ ತಮ್ಮನ ಫೋನು ಬಂದಾಗ ಅವಳಿಗೆ ಮೊದಲು ತೋಚಿದ್ದು, ಇನ್ನು ಕೇಳುವಂತಿಲ್ಲ ಎಂಬುದೇ.

*

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಈಜುಕೊಳದ ಕಾವಲುಗಾರ ಕುಕ್ಕರಗಾಲಿನಲ್ಲಿ ಕೂತಿದ್ದ. ಎಲ್ಲರೂ ಗೇಟಣ್ಣ ಎಂದು ಕರೆಯುವ, ಹಲ್ಲೆಲ್ಲ ಬಿದ್ದ ಮುದುಕ. ಅವಳನ್ನು ಕಂಡು ಎದ್ದುನಿಂತ.

“ತಾಯೀ, ಆ ದಾರ ಬಿಚ್ಚಿದ್ರಾ?”

“ಯಾವ ದಾರ?”

“ಕಾಲಿಂದು. ಮೇಷ್ಟ್ರ ಹೆಬ್ಬೆರಳಿಂದು.” ಅವನು ಮನೆಯ ಮುಂಭಾಗದ ಕಡೆ ಇಣುಕಿ ನೋಡಿ ದನಿ ತಗ್ಗಿಸಿದ. “ಅದನ್ನ ಸೆಕ್ರೆಟರಿ ಸಾಹೇಬ್ರು ನೋಡಿದ್ರೆ ಏನು ಎತ್ತ ಅಂತ ಕೇಳ್ತಾರೆ. ಬಿಚ್ಚಿಬಿಡಿ.”

“ಏನದು, ಗೇಟಣ್ಣಾ?”

“ಎಬ್ಬಿಸೋ ದಾರ.”

ಅವಳಿಗೆ ಅರ್ಥವಾಗಲಿಲ್ಲ. ಮುದುಕ ತಲೆ ಕೆರೆದುಕೊಂಡ. ಹೇಳಬಾರದು ಎಂದು ಮಾತು ಕೊಟ್ಟಿದ್ದವನ ಹಾಗೆ ಎರಡು ಹೆಜ್ಜೆ ಆಚೆ ಹೋಗಿ, ತಿರುಗಿ ಬಂದ.

“ಇನ್ನೇನು ಕೆಲಸದಿಂದ ತೆಗೀತಾರಾ ಅವರನ್ನ, ಹೇಳ್ತೀನಿ ಬಿಡಿ. ಮೇಷ್ಟ್ರು ರಾತ್ರಿ ದಾರದ ಒಂದು ತುದಿ ಕಾಲಿಗೆ ಕಟ್ಕೊಂಡು, ಇನ್ನೊಂದು ತುದಿ ಕಿಟಕಿಯಿಂದ ಆಚೆ ಬಿಟ್ಟು ಮಲಗೋರು. ಬೆಳಿಗ್ಗೆ ಕೊಳದ ಬೀಗ ತೆಗೆಯೋಕೆ ಹೋಗ್ತಾ ನಾನು ಎಳೀತಿದ್ದೆ. ಒಳಗಿಂದ ಅವರು ಒಂದು ಸಲ ತಿರುಗಿ ಎಳೀತಿದ್ರು, ಎದ್ದೆ ಅಂತ. ಇವತ್ತು ಎಳೆದೆ, ಎಳೆದೆ. ಆ ಕಡೆಯಿಂದ ಏನೂ ಇಲ್ಲ. ಕೊನೆಗೆ ಕಿತ್ತೇ ಬಂತು, ತಾಯೀ.”

ಅವಳು ಕಲ್ಲಿನ ಮೇಲೆ ಕೂತಳು.

“ದಾರ ಯಾಕೆ? ಬಾಗಿಲು ಬಡಿದಿದ್ರೆ ಆಗ್ತಿರ್ಲಿಲ್ವಾ?”

“ಇವತ್ತು ದಿಕ್ಕು ತೋಚದೆ ಬಡಿದೆ. ಕೇಳಬೇಕಲ್ಲ.”

“ಯಾರಿಗೆ?”

“ಮೇಷ್ಟ್ರಿಗೆ. ಕಿವಿ ಹೋಗಿ ಎಷ್ಟು ವರ್ಷ ಆಯ್ತು!” ಅವಳ ಮುಖ ನೋಡಿ ಮುದುಕ ಗಾಬರಿಯಾದ. “ನಿಮಗೂ ಗೊತ್ತಿರ್ಲಿಲ್ವಾ? ಮನೆಯವರಿಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ ನಾನು. ನೀರು ಹೋಗಿ ಹೋಗಿ, ಕೀವು ಆಗಿ ಆಗಿ, ಒಂದಾದ ಮೇಲೊಂದು ಎರಡೂ ಹೋದವು. ಗೊತ್ತಾದ್ರೆ ಸೆಕ್ರೆಟರಿ ಮನೆಗೆ ಕಳಿಸ್ತಾರೆ ಅಂತ ಹೆದರಿಕೆ. ಕಿವುಡ ಅಂದ್ರೆ ಯಾರು ಮಕ್ಕಳನ್ನ ನೀರಿಗೆ ಬಿಡ್ತಾರೆ? ನಾನೂ ಕೇಳಿದೆ, ಮಗು ಮುಳುಗ್ತಾ ಕೂಗಿದ್ರೆ ಏನು ಮಾಡ್ತೀರಿ ಅಂತ. ಮುಳುಗೋ ಮಗು ಕೂಗಲ್ಲ ಕಣಯ್ಯಾ, ಬಾಯಿ ತುಂಬ ನೀರಿರತ್ತೆ, ಅದನ್ನ ಕಣ್ಣಲ್ಲೇ ಕಾಯಬೇಕು ಅಂದ್ರು. ಕಾದ್ರು ಕೂಡ. ಅವರಿದ್ದಷ್ಟು ಕಾಲ ಒಂದು ಮಗುವಿಗೂ ಏನೂ ಆಗಿಲ್ಲ.”

“ನೀವು ಹೇಗೆ ಮಾತಾಡಿಸ್ತಿದ್ರಿ?”

“ತುಟಿ ನೋಡಿ ತಿಳ್ಕೊಳ್ಳೋರು. ನನಗೆ ಹಲ್ಲಿಲ್ಲ ನೋಡಿ, ನನ್ನ ತುಟಿ ಅವರಿಗೆ ಅರ್ಧವೇ ತಿಳೀತಿತ್ತು, ಉಳಿದದ್ದು ಕೈಸನ್ನೆ. ಹಲ್ಲು ಕಟ್ಟಿಸ್ಕೊಳ್ಳಯ್ಯಾ, ಅರ್ಧ ಮಾತು ಗಾಳಿಗೆ ಹೋಗತ್ತೆ ಅಂತ ತಮಾಷೆ ಮಾಡೋರು. ಯಾರಾದ್ರೂ ಮಾತಾಡೋಕೆ ಕೂತ್ರೆ ಎದ್ದು ಕೆಲಸ ಹುಡುಕ್ಕೊಂಡು ಹೋಗಿಬಿಡೋರು. ಓಡಾಡ್ತಿದ್ರೆ ಯಾರೂ ಏನೂ ಕೇಳಲ್ಲ, ಕೂತ್ರೇನೇ ಕಷ್ಟ ಅನ್ನೋರು.”

ಮುಂಭಾಗದಲ್ಲಿ ಅತ್ತೆ ಯಾರಿಗೋ ಕುರ್ಚಿ ಸರಿಸಲು ಹೇಳುತ್ತಿದ್ದದ್ದು ಹಿತ್ತಲಿಗೆ ಸ್ಪಷ್ಟವಾಗಿ ಕೇಳಿತು. ಮಗಳಿಗೆ ಗಂಟೆಗಟ್ಟಲೆಯ ಫೋನಿನ ಗುಟ್ಟು ಬಯಲಾಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಅಲಾರಂ ಇತ್ತಲ್ಲ, ಗೇಟಣ್ಣಾ. ನಾನು ಕೊಡಿಸಿದ ವಾಚಲ್ಲಿ.”

ಗೇಟಣ್ಣನ ಬೊಚ್ಚುಬಾಯಿ ಅರಳಿತು. “ಅಯ್ಯೋ, ಆ ವಾಚಿನ ಕತೆ! ಮೇಷ್ಟ್ರು ಅದನ್ನ ಎಷ್ಟು ಸಲ ಹೇಳಿ ನಕ್ಕಿದಾರೆ! ನಾನು ಗಟ್ಟಿಯಾಗಿರೋದು ತಾ ಅಂದೆ ಕಣಯ್ಯಾ, ಮಗಳು ಗಟ್ಟಿಯಾಗಿರೋದೇ ತಂದ್ಲು ಅನ್ನೋರು. ಅಲಾರಂ ಗಟ್ಟಿಯಾಗಿ ಹೊಡೀಬೇಕು ಅಂತ ಇವರ ಲೆಕ್ಕ. ನೀವು ನೋಡಿದ್ರೆ ಸುತ್ತಿಗೇಲಿ ಹೊಡೆದ್ರೂ ಒಡೆಯದ್ದು ತಂದ್ರಂತೆ!”

ಏಣಿಯ ಮೇಲಿನ ಅಪ್ಪನ ಮಾತು, ಅದೇ ಮಾತು, ಇಷ್ಟು ವರ್ಷಗಳ ಮೇಲೆ ಬೇರೆ ಅರ್ಥದಲ್ಲಿ ಕೇಳಿತು.

“ಬದಲಾಯಿಸಿ ತಾ ಅನ್ನಬಹುದಿತ್ತು,” ಎಂದಳು ಕೊನೆಗೆ.

“ನಾನೂ ಅದೇ ಅಂದೆ. ಬೈದ್ರು ನನಗೆ. ಎಷ್ಟು ಅಂಗಡಿ ಸುತ್ತಿ ತಂದಿದಾಳೋ, ನೆಲಕ್ಕೆ ಎಸೆದು ತೋರಿಸಿದ್ಲು ಕಣಯ್ಯಾ, ಅವಳ ಮುಖ ನೋಡಬೇಕಿತ್ತು, ಆ ಮುಖಕ್ಕೆ ಇದು ಬೇಡ ಅಂತ ಯಾವ ಬಾಯಲ್ಲಿ ಹೇಳಲಿ ಅಂದ್ರು. ಅದನ್ನ ಕೈಯಿಂದ ಬಿಚ್ಚಿದ್ದು ನಾನು ನೋಡಿಲ್ಲ. ಆವತ್ತೇ ದಾರ ತಂದಿದ್ದು.”

ಅವಳ ಕೈ ತಾನಾಗಿಯೇ ಕಲ್ಲಿನ ಪಕ್ಕದ ನಲ್ಲಿಯ ತಿರುಪಿಗೆ ಹೋಗಿ ಅದನ್ನು ಬಿಗಿ ಮಾಡಿತು. ನಲ್ಲಿ ಸೋರುತ್ತಿರಲಿಲ್ಲ.

“ನನ್ನ ಫೋನು ಬಂದಾಗ ಏನು ಮಾಡ್ತಿದ್ರು?”

“ಭಾನುವಾರದ್ದಾ? ಕೊಳದ ಆಫೀಸಲ್ಲೇ ಅಲ್ವಾ ಎತ್ತುತ್ತಿದ್ದಿದ್ದು, ನನ್ನ ಎದುರಿಗೇ. ಫೋನು ನಡುಗಿದ ಕೂಡ್ಲೆ ಎತ್ತಿ, ಕಿವಿಗೆ ಒತ್ತಿ ಹಿಡ್ಕೊಳ್ಳೋರು. ದನಿ ಬರತ್ತೆ, ಮಾತು ಬರಲ್ಲ ಅನ್ನೋರು. ಆದ್ರೂ ಇಡ್ತಿರ್ಲಿಲ್ಲ. ನಿಮ್ಮ ದನಿ ನಿಂತ ಮೇಲೆ, ಒಳ್ಳೇದಾಯ್ತು ಬಿಡು, ಆರೋಗ್ಯ ನೋಡ್ಕೋ. ಎಲ್ಲದಕ್ಕೂ ಹೊಂದೋ ಮಾತು ಇದೊಂದೇ ಕ‍ಣಯ್ಯಾ ಅನ್ನೋರು.” ಮುದುಕ ಮತ್ತೆ ಕುಕ್ಕರಗಾಲಿನಲ್ಲಿ ಕೂತ. “ಹೋದ ವರ್ಷ ನೀವು ಫೋನು ಮಾಡೋದು ನಿಲ್ಲಿಸಿದ್ರಂತಲ್ಲ. ಆಮೇಲೆ ಬಹಳ ಯೋಚನೆ ಮಾಡಿದ್ರು. ಎಲ್ಲೋ ಹೊಂದದ ಕಡೆ ಹೇಳಿಬಿಟ್ಟಿದೀನಿ, ಅವಳಿಗೆ ನೋವಾಗಿದೆ, ಏನು ಕೇಳಿದ್ಲೋ ಏನೋ ಅಂತಿದ್ರು. ಬಂದಾಗ ಎದುರಿಗೆ ಕೂತು ಮುಖ ನೋಡಿ ಕೇಳ್ಕೋತೀನಿ, ಎಲ್ಲಾ ಹೇಳಿಬಿಡ್ತೀನಿ ಅಂದಿದ್ರು. ನೀವು ಬಂದಿದ್ರಲ್ಲ, ಕೇಳಿದ್ರಾ?”

“ನಾನು ಮುಖ ತಿರುಗಿಸಿ ಕೂತಿದ್ದೆ,” ಎಂದಳು ಮಗಳು.

ಬೆಳಿಗ್ಗೆಯಿಂದ ಬಾರದ ಅಳು ಆಗ ಬಂತು. ಒಗೆಯುವ ಕಲ್ಲಿನ ಮೇಲೆ ಕೂತು ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುವಾಗಲೂ ಸದ್ದಿಲ್ಲದೆ. ಗೇಟಣ್ಣ ಏನು ತಪ್ಪು ಹೇಳಿದೆನೋ ಎಂದು ಹೆದರಿ, ಒಂದು ಚೊಂಬು ನೀರು ತುಂಬಿ ಅವಳ ಪಕ್ಕದಲ್ಲಿಟ್ಟು ಸರಿದುಹೋದ.

*

ಸುದ್ದಿ ಮನೆಯವರಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ತಮ್ಮ ಕಂಬಕ್ಕೊರಗಿ ನಿಂತವನು, “ಎಷ್ಟು ಸಲ ಹಿಂದಿನಿಂದ ಕೂಗಿ, ತಿರುಗಲಿಲ್ಲ ಅಂತ ಸಿಟ್ಟು ಮಾಡ್ಕೊಂಡಿದೀನಿ,” ಎಂದಷ್ಟೇ ಹೇಳಿದ. ಅತ್ತೆಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಅರ್ಥವಾದ ಮೇಲೆ ಆಕೆ ಅಪ್ಪನ ತಲೆಯ ಬಳಿ ಧೊಪ್ಪನೆ ಕೂತರು.

“ಹಾಗಾದ್ರೆ ನನ್ನ ಮಂಡಿನೋವಿನ ಮೇಲಿನ ಪ್ರೀತಿ ಅಲ್ಲ ಅದು! ನನ್ನ ಗಂಟಲಿನ ಮೇಲಿಂದು!” ಎಂದರು. ಆಮೇಲೆ ಅಪ್ಪನ ಕಿವಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಸವರಿದರು. ಆಕೆ ಅಷ್ಟು ಹೊತ್ತು ಸುಮ್ಮನಿದ್ದುದನ್ನು ಆ ಮನೆ ಕಂಡಿರಲಿಲ್ಲ.

ಮಗಳು ತಮ್ಮನ ಜೇಬಿನಿಂದ ವಾಚು ತೆಗೆದುಕೊಂಡಳು. ಅಪ್ಪನ ಕೈ ಎತ್ತಿ, ಪಟ್ಟಿ ಸುತ್ತಿ, ಕೊಂಡಿ ಒತ್ತಿದಳು. ಹಾಕುವುದು ತೆಗೆಯುವಷ್ಟು ಕಷ್ಟವಿರಲಿಲ್ಲ. ಕಾಲಿನ ದಾರವನ್ನು ಅವಳೂ ಬಿಚ್ಚಲಿಲ್ಲ, ಬೇರೆಯವರಿಗೂ ಬಿಚ್ಚಲು ಬಿಡಲಿಲ್ಲ. ಸೆಕ್ರೆಟರಿ ನೋಡಿದರು. ಗೇಟಣ್ಣನನ್ನೂ ನೋಡಿದರು. ಏನೂ ಕೇಳದೆ, ಹೊರುವಾಗ ಕಾಲಿನ ಕಡೆಗೆ ತಾವೇ ಹೆಗಲು ಕೊಟ್ಟರು.

ಊರಾಚೆಯ ಮಣ್ಣು ಮಾಡುವ ಜಾಗದಲ್ಲಿ ಗುಂಡಿ ಸಿದ್ಧವಾಗಿತ್ತು. ಸನಿಕೆ ಹಿಡಿದ ಇಬ್ಬರು ಮಣ್ಣಿನ ಗುಡ್ಡೆಯ ಪಕ್ಕ ಕಾಯುತ್ತಿದ್ದರು. ಅವರಿಗೆ ಕತ್ತಲಾಗುವುದರೊಳಗೆ ಇನ್ನೊಂದು ಗುಂಡಿ ತೋಡುವುದಿತ್ತು. ಬಿಳಿಯ ಬಟ್ಟೆಯಲ್ಲಿ ಸುತ್ತಿದ ಅಪ್ಪನನ್ನು ಮೆಲ್ಲಗೆ ಇಳಿಸಿದರು. ದರ್ಜಿ ಕೆಳಗಿಳಿದು, ಬಟ್ಟೆಯ ಮಡಿಕೆ ಸರಿಮಾಡಿ ಮೇಲೆ ಬಂದ. ತಮ್ಮ ಒಂದು ಹಿಡಿ ಮಣ್ಣು ಹಾಕಿದ. ಸನಿಕೆಯವನು ಮುಂದೆ ಬಂದ.

“ಒಂದು ನಿಮಿಷ,” ಎಂದಳು ಮಗಳು. ಅವನಿಗೆ ಕೇಳಿಸಲಿಲ್ಲ. ಅವಳ ಗಂಡ ಕೈ ಎತ್ತಿ ಅವನನ್ನು ತಡೆದ.

ಅವಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. “ಅಪ್ಪಾ,” ಎಂದಳು. ಪಕ್ಕದಲ್ಲೇ ನಿಂತಿದ್ದ ತಮ್ಮನಿಗೂ ಅದು ಅರ್ಧ ಕೇಳಿತು.

“ಗಟ್ಟಿಯಾಗಿ ಹೇಳೇ,” ಎಂದರು ಅತ್ತೆ ಹಿಂದಿನಿಂದ. “ಅಷ್ಟು ಮೆಲ್ಲಗೆ ಹೇಳಿದ್ರೆ ಅವನಿಗೆ ಕೇಳಲ್ಲ.”

“ಅಪ್ಪಾ!”

ಅವಳ ಗಂಟಲಿಗೆ ಅಭ್ಯಾಸವಿರಲಿಲ್ಲ. ದನಿ ಒಡೆದು ಎರಡಾಯಿತು. ಗೇಟಿನ ಬಳಿ ಹರಟುತ್ತಿದ್ದ ವ್ಯಾನಿನವನು ತಿರುಗಿ ನೋಡಿದ.

“ಅಪ್ಪಾ, ನಾನು! ಹೋದ ವರ್ಷ ಹೇಳಿದ್ದು, ಮಗು ನಿಲ್ಲಲಿಲ್ಲ ಅಂತ! ಹೊಟ್ಟೆಯಲ್ಲೇ ಹೋಯ್ತು ಅಪ್ಪಾ! ಅದಕ್ಕೇ ಫೋನು ಮಾಡಿದ್ದೆ!”

ತಮ್ಮ ಬೆಚ್ಚಿ ಅಕ್ಕನ ಕಡೆ ನೋಡಿದ. ಗಂಡ ನೆಲ ನೋಡಿದ.

“ಹೆಣ್ಣು ಅಂದ್ಕೊಂಡಿದ್ದೆ ನಾನು! ನಿಮ್ಮ ಹತ್ರಾನೇ ಈಜು ಕಲೀಲಿ ಅಂತಿದ್ದೆ!”

ಅವಳು ಉಸಿರು ತೆಗೆದುಕೊಂಡಳು, ಕೈಯಿಂದ ಮೂಗು ಒರೆಸಿಕೊಂಡಳು, ಇನ್ನಷ್ಟು ಮುಂದಕ್ಕೆ ಬಾಗಿದಳು. ಈಗ ಆರೋಗ್ಯ ಚೆನ್ನಾಗಿದೆ ಎಂದು ಕೂಗಿ ಹೇಳಿದಳು. ಆಸ್ಪತ್ರೆಯಲ್ಲಿ ಒಳ್ಳೆಯ ನರ್ಸೊಬ್ಬಳು ಸಿಕ್ಕಿದ್ದನ್ನು ಹೇಳಿದಳು. ಗ್ರಂಥಾಲಯದ ಮಾಡು ಸೋರಿ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹರಡಿದ್ದನ್ನು, ಪಕ್ಕದ ಮನೆಯವರು ಮನೆ ಬಿಟ್ಟಿದ್ದನ್ನು, ಹಿಂದಿನ ಒಂದು ಭಾನುವಾರದ್ದನ್ನು, ಅದರ ಹಿಂದಿನದನ್ನು, ಒಂದೊಂದನ್ನೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ.

ಸನಿಕೆಯವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಸನಿಕೆಗಳನ್ನು ಮಣ್ಣಿಗೆ ನೆಟ್ಟು, ಗುಡ್ಡೆಯ ಮೇಲೆ ಕೂತರು.